ಬೆಳಗಿನ ಹೊತ್ತು ಹಟ ಹಿಡಿಯುವ ಡೀಸೆಲ್ ಜೀಪು: ತಪ್ಪು ಚಳಿಯದೋ, ನಿಂತ ರಾತ್ರಿಯದೋ?

ಪ್ರಶ್ನೆ: ಚಿಕ್ಕಮಗಳೂರು ಜಿಲ್ಲೆಯ ಆಲ್ದೂರಿನ ಸಮೀಪ ನಮ್ಮದೊಂದು ಸಣ್ಣ ಕಾಫಿ ತೋಟವಿದೆ. ತೋಟದ ಕೆಲಸಕ್ಕೆ 2003ರ ಡೀಸೆಲ್ ಜೀಪು ಇಟ್ಟುಕೊಂಡಿದ್ದೇವೆ. ನಾಲ್ಕು ಸಿಲಿಂಡರಿನ, ಹೀಟರ್ ಪ್ಲಗ್ ಇರುವ ಹಳೆಯ ಎಂಜಿನ್ನು. ಡಿಸೆಂಬರಿನಿಂದ ಈಚೆಗೆ ಬೆಳಿಗ್ಗೆ ಆರಕ್ಕೆ ಕೊಯ್ಲಿನ ಆಳುಗಳನ್ನು ಕರೆತರಲು ಹೊರಟರೆ ಸ್ಟಾರ್ಟ್ ಆಗುವುದೇ ಕಷ್ಟವಾಗಿದೆ. ಮೂರು ನಾಲ್ಕು ಸಲ ಸೆಲ್ಫ್ ಹೊಡೆದರೂ ಎಂಜಿನ್ನು ತಿರುಗುವ ಸದ್ದು ಬಿಟ್ಟು ಬೇರೇನೂ ಇರುವುದಿಲ್ಲ. ಆಮೇಲೆ ಬಿಳಿ ಹೊಗೆ ಕಾಣಿಸಿಕೊಳ್ಳುತ್ತದೆ. ಆರನೆಯ ಸಲಕ್ಕೋ ಏಳನೆಯ ಸಲಕ್ಕೋ ನಡುಗುತ್ತ ಹತ್ತಿಕೊಂಡು, ಒಂದು ನಿಮಿಷದಲ್ಲಿ ಸರಿಹೋಗುತ್ತದೆ. ಅಲ್ಲಿಂದ ಮುಂದೆ ದಿನವಿಡೀ ಕೀಲಿ ಮುಟ್ಟಿದರೆ ಸಾಕು. ಹೊಸ ಬ್ಯಾಟರಿ ಹಾಕಿಸಿದೆ, ಎರಡು ಹೀಟರ್ ಪ್ಲಗ್ ಬದಲಾಯಿಸಿದೆ. ಈಗ ಮೆಕ್ಯಾನಿಕ್ ಡೀಸೆಲ್ ಪಂಪು ಬಿಚ್ಚಿಸಿ ಕ್ಯಾಲಿಬ್ರೇಶನ್ (ಅಳತೆ ಸರಿಪಡಿಸುವ ಕೆಲಸ) ಮಾಡಿಸಬೇಕು, ಅದಕ್ಕೂ ಬಗ್ಗದಿದ್ದರೆ ಎಂಜಿನ್ ಕೆಲಸವೇ ಎನ್ನುತ್ತಿದ್ದಾರೆ. ಹಾಸನದಲ್ಲಿ ಮಗಳ ಮನೆಯಲ್ಲಿ ರಾತ್ರಿ ಉಳಿದಾಗ ಮಾತ್ರ ಇಷ್ಟು ಹಟ ಮಾಡುವುದಿಲ್ಲ. ಅಲ್ಲಿ ಚಳಿ ಕಡಿಮೆ ಎಂದುಕೊಂಡಿದ್ದೇನೆ. ಇಲ್ಲಿ ನಮ್ಮ ಶೆಡ್ಡು ದಿಬ್ಬದ ಮೇಲಿದ್ದು, ಜೀಪನ್ನು ಏರಿನಲ್ಲೇ ಮೂತಿ ಮೇಲಾಗಿ ನಿಲ್ಲಿಸುತ್ತೇವೆ. ಪಂಪು ಬಿಚ್ಚಿಸಲೇ?

ಉತ್ತರ: ಪಂಪನ್ನು ಸದ್ಯಕ್ಕೆ ಮುಟ್ಟಿಸಬೇಡಿ. ನಿಮ್ಮ ಪತ್ರದಲ್ಲಿ ನೀವು ಅಷ್ಟೊಂದು ಮಹತ್ವ ಕೊಡದೆ ಬರೆದ ಎರಡು ಸಂಗತಿಗಳಿವೆ. ಮೊದಲ ಮೂರು ನಾಲ್ಕು ಸಲ ಹೊಗೆಯೇ ಇರುವುದಿಲ್ಲ ಎಂಬುದು ಒಂದು. ಜೀಪು ಏರಿನಲ್ಲಿ ಮೂತಿ ಮೇಲಾಗಿ ನಿಲ್ಲುತ್ತದೆ ಎಂಬುದು ಇನ್ನೊಂದು. ಹಾಸನದಲ್ಲಿ ಮೂವತ್ತು ವರ್ಷ ಡೀಸೆಲ್ ಎಂಜಿನ್ನುಗಳ ಕೆಲಸ ಮಾಡಿದ ನನಗೆ ಈ ಎರಡು ಸಂಗತಿಗಳು ಬ್ಯಾಟರಿ, ಪ್ಲಗ್ಗು, ಪಂಪು ಮೂರಕ್ಕಿಂತಲೂ ಹೆಚ್ಚು ಹೇಳುತ್ತಿವೆ.

ಮೊದಲಿಗೆ ಚಳಿಯ ಮೇಲಿನ ಆಪಾದನೆಯನ್ನು ಪರಿಶೀಲಿಸೋಣ. ಚಿಕ್ಕಮಗಳೂರಿನಲ್ಲಿ ಡಿಸೆಂಬರ್, ಜನವರಿಯ ಬೆಳಗಿನ ಜಾವದ ಉಷ್ಣತೆ ಸಾಮಾನ್ಯವಾಗಿ 13ರಿಂದ 16 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಎತ್ತರದ ತೋಟಗಳಲ್ಲಿ 10ರ ಆಸುಪಾಸಿಗೆ ಇಳಿಯಬಹುದು. ಹಾಸನದಲ್ಲಿಯೂ ಹೆಚ್ಚುಕಡಿಮೆ ಇಷ್ಟೇ. ಇಬ್ಬನಿಯಲ್ಲಿ ನೆನೆದ ಮೈಗೆ ಇದು ಚಳಿ ನಿಜ. ಆದರೆ ಆರೋಗ್ಯವಾಗಿರುವ ಡೀಸೆಲ್ ಎಂಜಿನ್ನಿಗೆ ಇದು ಚಳಿಯೇ ಅಲ್ಲ. ಡೀಸೆಲ್ ಮೇಣಗಟ್ಟಿ ಫಿಲ್ಟರ್ ಕಟ್ಟಿಕೊಂಡಿರಬಹುದು ಎಂದು ಕೆಲವರು ಹೇಳುವುದುಂಟು. ಚಳಿಗಾಲದಲ್ಲಿ ಮಾರುವ ಡೀಸೆಲ್ಲಿಗೆ ಭಾರತೀಯ ಮಾನಕ ವಿಧಿಸಿರುವ ಮಿತಿಯ ಪ್ರಕಾರ ಅದು 6 ಡಿಗ್ರಿಯವರೆಗೂ ಫಿಲ್ಟರಿನ ಮೂಲಕ ಹರಿಯಲೇಬೇಕು. ಲಡಾಖಿನಲ್ಲಿ ಕೇಳಬೇಕಾದ ಈ ಮಾತನ್ನು ಆಲ್ದೂರಿನಲ್ಲಿ ಪಕ್ಕಕ್ಕಿಡಬಹುದು. ಹಾಸನಕ್ಕೂ ನಿಮ್ಮೂರಿಗೂ ಇರುವ ಒಂದೆರಡು ಡಿಗ್ರಿಯ ಅಂತರದಿಂದ ಒಂದು ಕಡೆ ಏಳು ಸಲ ಸೆಲ್ಫ್ ಹೊಡೆಯಬೇಕಾಗಿ, ಇನ್ನೊಂದು ಕಡೆ ಬೇಗ ಹತ್ತಿಕೊಳ್ಳುತ್ತದೆ ಎಂದರೆ ನಂಬುವಂತಿಲ್ಲ. ಮಗಳ ಮನೆಯ ಮುಂದೆ ಜೀಪು ನಿಲ್ಲುವುದು ಸಮತಟ್ಟಾದ ರಸ್ತೆಯಲ್ಲಿ ಎಂದು ನಾನು ಊಹಿಸುತ್ತೇನೆ. ಅಂತರ ಅಲ್ಲಿದೆ.

ಡೀಸೆಲ್ ಎಂಜಿನ್ನಿನಲ್ಲಿ ಬೆಂಕಿ ಹೊತ್ತಿಸುವ ಸ್ಪಾರ್ಕ್ ಇಲ್ಲ. ನಿಮ್ಮ ಜೀಪಿನಂಥ ಹಳೆಯ ಎಂಜಿನ್ನಿನಲ್ಲಿ ಗಾಳಿಯನ್ನು ಸುಮಾರು ಇಪ್ಪತ್ತರಲ್ಲಿ ಒಂದು ಪಾಲಿಗೆ ಒತ್ತಲಾಗುತ್ತದೆ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುವ ಹಾಗೆ ಆ ಗಾಳಿಯೂ ಕಾಯುತ್ತದೆ. ಎಂಜಿನ್ನು ಚುರುಕಾಗಿ ತಿರುಗಿದರೆ ಅದು 500 ಡಿಗ್ರಿಯನ್ನು ಸುಲಭವಾಗಿ ದಾಟುತ್ತದೆ. ಆ ಕ್ಷಣಕ್ಕೆ ಸರಿಯಾಗಿ ಡೀಸೆಲ್ ನವಿರಾದ ತುಂತುರಾಗಿ ಒಳಬಿದ್ದರೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಅಂದರೆ ಸ್ಟಾರ್ಟ್ ಆಗಲು ಎರಡೇ ಸಂಗತಿಗಳು ಒಂದೇ ಹೊತ್ತಿಗೆ ಕೂಡಬೇಕು: ಸಾಕಷ್ಟು ಬಿಸಿ ಮತ್ತು ಸಾಕಷ್ಟು ಡೀಸೆಲ್. ಹೀಟರ್ ಪ್ಲಗ್, ಬ್ಯಾಟರಿ, ಸೆಲ್ಫ್ ಮೋಟಾರು, ರಿಂಗು, ವಾಲ್ವುಗಳೆಲ್ಲ ಬಿಸಿಯ ಕಡೆಯವು. ಟ್ಯಾಂಕಿನಿಂದ ಹಿಡಿದು, ಡೀಸೆಲ್ಲನ್ನು ಸಿಲಿಂಡರಿಗೆ ಸಿಂಪಡಿಸುವ ನಾಝಲ್ಲಿನವರೆಗಿನದೆಲ್ಲ ಡೀಸೆಲ್ಲಿನ ಕಡೆಯದು. ಎರಡರಲ್ಲಿ ಯಾವುದು ಕೈಕೊಟ್ಟಿದೆ ಎಂಬುದನ್ನು ಒಂದು ನಟ್ಟನ್ನೂ ಸಡಿಲಿಸದೆ ಹೇಳಬಲ್ಲದ್ದು ಸೈಲೆನ್ಸರಿನ ಬಾಯಿ.

ಸೆಲ್ಫ್ ಹೊಡೆಯುವಾಗ ಕಣ್ಣಿಗೆ ಉರಿ ಹತ್ತಿಸುವ, ಡೀಸೆಲ್ ವಾಸನೆಯ ಬಿಳಿ ಹೊಗೆ ಬರುತ್ತಿದ್ದರೆ ಡೀಸೆಲ್ ಒಳಗೆ ಬೀಳುತ್ತಿದೆ, ಆದರೆ ಉರಿಯದೆ ಆವಿಯಾಗಿ ಹೊರಬರುತ್ತಿದೆ ಎಂದರ್ಥ. ಆಗ ಬಿಸಿಯ ಕಡೆ ನೋಡಬೇಕು. ಹತ್ತು ಸೆಕೆಂಡು ತಿರುಗಿಸಿದರೂ ಹೊಗೆಯ ಎಳೆಯೇ ಕಾಣದಿದ್ದರೆ ಸಿಲಿಂಡರಿನೊಳಗೆ ಡೀಸೆಲ್ಲೇ ಬೀಳುತ್ತಿಲ್ಲ. ಆಗ ಹೀಟರ್ ಪ್ಲಗ್ ಎಷ್ಟು ಹೊಸದಾದರೂ ಅದು ಬರಿಯ ಗಾಳಿಯನ್ನು ಕಾಯಿಸಬಲ್ಲದು, ಅಷ್ಟೇ. ನಿಮ್ಮ ಜೀಪಿನಲ್ಲಿ ಮೊದಲು ಹೊಗೆ ಇಲ್ಲ, ಆಮೇಲೆ ಬಿಳಿ ಹೊಗೆ, ಕೊನೆಗೆ ಉರಿ. ಈ ಕ್ರಮವನ್ನು ನಾನು ಹೀಗೆ ಓದುತ್ತೇನೆ: ರಾತ್ರಿ ನಿಂತಾಗ ಡೀಸೆಲ್ ಪೈಪಿನಿಂದ ಹಿಂದಕ್ಕೆ ಟ್ಯಾಂಕಿಗೆ ಇಳಿದುಹೋಗುತ್ತಿದೆ, ಅದರ ಜಾಗವನ್ನು ಗಾಳಿ ಹಿಡಿಯುತ್ತಿದೆ, ಬೆಳಿಗ್ಗೆ ನೀವು ಹೊಡೆಯುವ ಮೊದಲ ಮೂರು ನಾಲ್ಕು ಸೆಲ್ಫು ಆ ಗಾಳಿಯನ್ನು ಹೊರದೂಡಲು ಖರ್ಚಾಗುತ್ತಿದೆ. ಡೀಸೆಲ್ ನಾಝಲ್ಲಿಗೆ ತಲುಪುವ ಹೊತ್ತಿಗೆ ಮೊದಲು ಕಾದಿದ್ದ ಪ್ಲಗ್ಗು ಆರಿರುತ್ತದೆ, ಬ್ಯಾಟರಿ ದಣಿದಿರುತ್ತದೆ. ಆದ್ದರಿಂದ ಡೀಸೆಲ್ ಬಂದರೂ ಉರಿಯದೆ ಹೊಗೆಯಾಗುತ್ತದೆ. ಒಂದೇ ದೋಷ ಎರಡು ದೋಷಗಳ ವೇಷ ಹಾಕಿ ಬರುವುದು ಹೀಗೆ. ಬಿಳಿ ಹೊಗೆಯನ್ನು ಕಂಡವರು ಪ್ಲಗ್ಗು ಬದಲಾಯಿಸುತ್ತಾರೆ, ದಣಿದ ಸೆಲ್ಫಿನ ಸದ್ದು ಕೇಳಿದವರು ಬ್ಯಾಟರಿ ಮಾರುತ್ತಾರೆ. ಹೊಗೆಯೇ ಇಲ್ಲದ ಮೊದಲ ಅರ್ಧ ನಿಮಿಷವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಇದು ಈಗಿನ ಮಟ್ಟಿಗೆ ನನ್ನ ಊಹೆ. ಅದನ್ನು ನೀವೇ, ಬಹುಮಟ್ಟಿಗೆ ಖರ್ಚಿಲ್ಲದೆ, ಮೂರು ನಾಲ್ಕು ದಿನಗಳಲ್ಲಿ ಪರೀಕ್ಷಿಸಬಹುದು.

ಮೊದಲ ಪರೀಕ್ಷೆಗೆ ಜೀಪು ನಿಲ್ಲಿಸುವ ದಿಕ್ಕನ್ನು ಬದಲಾಯಿಸಿದರೆ ಸಾಕು. ಒಂದು ಸಂಜೆ ಶೆಡ್ಡಿನ ಏರಿನಲ್ಲಿ ಜೀಪನ್ನು ಹಿಂದುಮುಂದಾಗಿಸಿ, ಮೂತಿ ಕೆಳಗಾಗಿ ನಿಲ್ಲಿಸಿ, ಚಕ್ರಗಳಿಗೆ ಕಲ್ಲು ಕೊಟ್ಟು ಬಿಡಿ. ಜೀಪಿನ ಟ್ಯಾಂಕು ಹಿಂಭಾಗದಲ್ಲಿದ್ದರೆ, ಮೂತಿ ಮೇಲಾದಾಗ ಪಂಪಿಗಿಂತ ಟ್ಯಾಂಕು ಬಹಳ ಕೆಳಗಾಗಿ ಡೀಸೆಲ್ ಹಿಂದಕ್ಕೆ ಜಾರುತ್ತದೆ. ಮೂತಿ ಕೆಳಗಾದಾಗ ಟ್ಯಾಂಕೇ ಮೇಲಾಗಿ ಡೀಸೆಲ್ ಪಂಪಿನ ಕಡೆಗೆ ಒತ್ತಿಕೊಂಡಿರುತ್ತದೆ. ಮೂತಿ ಕೆಳಗೆ ಮಾಡಿ ನಿಲ್ಲಿಸಿದ ಬೆಳಿಗ್ಗೆ ಒಂದೆರಡು ಸೆಲ್ಫಿಗೇ ಹತ್ತಿಕೊಂಡು, ಮರುದಿನ ಮತ್ತೆ ಮೂತಿ ಮೇಲಾಗಿಸಿದಾಗ ಹಳೆಯ ಹಟವೇ ಮರುಕಳಿಸಿದರೆ, ಎರಡು ದಿನವೂ ಚಳಿ ಒಂದೇ ಇದ್ದುದರಿಂದ, ಚಳಿಯ ಮೇಲಿನ ಆಪಾದನೆ ಬಿದ್ದುಹೋಗುತ್ತದೆ. ಮೂತಿ ಕೆಳಗಾಗಿ ನಿಂತ ರಾತ್ರಿ ಎಂಜಿನ್ನಿನ ಕೆಳಗೆ ಒಂದು ಹಳೆಯ ರಟ್ಟನ್ನು ಹಾಸಿಡಿ. ಅದರ ಮೇಲೆ ಡೀಸೆಲ್ ಹನಿ ಬಿದ್ದಿದ್ದರೆ ಸೋರುವ ಜಾಗವೂ ಅದರ ನೇರಕ್ಕೇ ಸಿಕ್ಕೀತು.

ಎರಡನೆಯದು ಭಾನುವಾರಕ್ಕೆ. ಬೆಳಿಗ್ಗೆ ಒಮ್ಮೆ ಜೀಪನ್ನು ಓಡಿಸಿ, ಏಳು ಗಂಟೆಗೆ ಎಂದಿನ ಜಾಗದಲ್ಲಿ ನಿಲ್ಲಿಸಿ, ಸಂಜೆಯವರೆಗೂ ಮುಟ್ಟದೆ ಬಿಟ್ಟು, ಬಿಸಿಲು ಇನ್ನೂ ಇರುವ ನಾಲ್ಕು ಗಂಟೆಗೆ ಸ್ಟಾರ್ಟ್ ಮಾಡಿ ನೋಡಿ. ಆಗ ಗಾಳಿಯ ಉಷ್ಣತೆ 25 ಡಿಗ್ರಿಗೂ ಮೇಲಿರುತ್ತದೆ. ಆದರೆ ಜೀಪು ಒಂಬತ್ತು ಗಂಟೆ ನಿಂತಿರುತ್ತದೆ. ಆಗಲೂ ಮೊದಲ ಸೆಲ್ಫುಗಳಲ್ಲಿ ಹೊಗೆ ಕಾಣದೆ ಎಂಜಿನ್ನು ಸುಮ್ಮನೆ ತಿರುಗಿದರೆ ತೊಂದರೆ ಇರುವುದು ನಿಂತ ಹೊತ್ತಿನಲ್ಲಿ. ಸಂಜೆ ತಟ್ಟನೆ ಹತ್ತಿಕೊಂಡು ಬೆಳಿಗ್ಗೆ ಮಾತ್ರ ಕಾಡಿದರೆ ಬಿಸಿಯ ಕಡೆಯೂ ಏನೋ ಇದೆ ಎಂದು ತಿಳಿಯಬೇಕು. ಈ ಒಂದು ಪರೀಕ್ಷೆಯನ್ನು ಮಾಡದೆ ಬೆಳಗಿನ ಸ್ಟಾರ್ಟಿಂಗ್ ತೊಂದರೆಯ ಬಗ್ಗೆ ತೀರ್ಪು ಕೊಡುವವರನ್ನು ನಾನು ನಂಬುವುದಿಲ್ಲ, ಏಕೆಂದರೆ ಬೆಳಿಗ್ಗೆ ಎಂಬುದರಲ್ಲಿ ಚಳಿ ಮತ್ತು ನಿಲುಗಡೆ ಎರಡೂ ಬೆರೆತಿರುತ್ತವೆ. ಅವನ್ನು ಬಿಡಿಸಿ ನೋಡದೆ ಯಾವುದರ ಮೇಲೂ ಕೈಯಿಡಲಾಗದು.

ಮೂರನೆಯದು ಫಿಲ್ಟರಿನ ತಲೆಯ ಮೇಲೆ ಅಥವಾ ಟ್ಯಾಂಕಿನಿಂದ ಡೀಸೆಲ್ ಎಳೆಯುವ ಸಣ್ಣ ಫೀಡ್ ಪಂಪಿನ ಮೇಲೆ ಇರುವ, ಕೈಯಿಂದ ಒತ್ತಿ ಡೀಸೆಲ್ ತುಂಬಿಸುವ ಪ್ರೈಮರಿನದು. ಬೆಳಿಗ್ಗೆ ಕೀಲಿ ಮುಟ್ಟುವ ಮೊದಲು ಬಾನೆಟ್ ಎತ್ತಿ ಆ ಗುಂಡಿಯನ್ನು ಒತ್ತಿ. ಪೈಪು ತುಂಬಿದ್ದರೆ ಎರಡು ಮೂರು ಒತ್ತಿಗೇ ಅದು ಬಿಗಿಯಾಗುತ್ತದೆ. ಇಪ್ಪತ್ತು ಮೂವತ್ತು ಸಲ ಪೊಳ್ಳಾಗಿ ಕುಸಿದು ಆಮೇಲೆ ಬಿಗಿಯಾದರೆ ಅಷ್ಟು ಗಾಳಿ ಒಳಗಿತ್ತು ಎಂದರ್ಥ. ಬಿಗಿಯಾದ ಮೇಲೆ ಪ್ಲಗ್ಗುಗಳನ್ನು ಕಾಯಿಸಿ ಸೆಲ್ಫ್ ಹೊಡೆಯಿರಿ; ಮೊದಲನೆಯದಕ್ಕೋ ಎರಡನೆಯದಕ್ಕೋ ಹತ್ತಿಕೊಂಡರೆ ಪಂಪು, ನಾಝಲ್, ರಿಂಗು ಮೂರಕ್ಕೂ ಒಳ್ಳೆಯ ನಡತೆಯ ಪ್ರಮಾಣಪತ್ರ ಸಿಕ್ಕಂತೆ. ರಿಪೇರಿ ಆಗುವವರೆಗೆ ಕೊಯ್ಲಿನ ದಿನಗಳನ್ನು ಕಳೆಯುವುದಕ್ಕೂ ಇದೇ ಉಪಾಯ ಸಾಕು. ಪ್ರೈಮರೇ ಸವೆದು ಎಷ್ಟು ಒತ್ತಿದರೂ ಬಿಗಿಯಾಗದಿದ್ದರೆ, ಗಾಳಿ ನುಗ್ಗುವ ಜಾಗಗಳಲ್ಲಿ ಅದೂ ಒಂದು ಎಂಬುದು ನೆನಪಿರಲಿ.

ಇಲ್ಲಿಯವರೆಗೆ ಊಹೆ ಸರಿಯಾಗಿದ್ದರೆ ಮುಂದಿನ ಕೆಲಸ ಗಾಳಿ ನುಗ್ಗುವ ಕಿಂಡಿಯನ್ನು ಹುಡುಕುವುದು. ಇದು ಸ್ವಲ್ಪ ತಾಳ್ಮೆ ಬೇಡುತ್ತದೆ, ಏಕೆಂದರೆ ಟ್ಯಾಂಕಿಗೂ ಫೀಡ್ ಪಂಪಿಗೂ ನಡುವಿನ ಪೈಪು ಹೀರುವ ಪೈಪು; ಎಂಜಿನ್ನು ನಡೆಯುವಾಗ ಅದರೊಳಗೆ ಒತ್ತಡಕ್ಕೆ ಬದಲು ಸೆಳೆತವಿರುತ್ತದೆ. ಅಲ್ಲಿ ಕಿಂಡಿ ಬಿದ್ದರೆ ಡೀಸೆಲ್ ಹೊರಗೆ ಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಆದ್ದರಿಂದ ಹೊರಗಿನಿಂದ ಎಲ್ಲವೂ ಒಣಗಿ ಶುದ್ಧವಾಗಿಯೇ ಕಾಣುತ್ತದೆ. ‘ಎಲ್ಲೂ ಲೀಕ್ ಇಲ್ಲ ಸಾರ್’ ಎಂದು ಹೇಳುವ ಹುಡುಗ ಸುಳ್ಳು ಹೇಳುತ್ತಿಲ್ಲ, ನೋಡಬೇಕಾದದ್ದನ್ನು ನೋಡುತ್ತಿಲ್ಲ ಅಷ್ಟೇ. ಫೀಡ್ ಪಂಪು ಬೇರೆಯಾಗಿಲ್ಲದೆ ದೊಡ್ಡ ಪಂಪೇ ಡೀಸೆಲ್ ಎಳೆದುಕೊಳ್ಳುವ ಎಂಜಿನ್ನುಗಳಲ್ಲಿ ಫಿಲ್ಟರೂ ಸೇರಿ ಟ್ಯಾಂಕಿನಿಂದ ಪಂಪಿನವರೆಗೆ ಇಡೀ ದಾರಿಯೇ ಹೀರುವ ದಾರಿಯಾಗಿರುತ್ತದೆ.

ಫಿಲ್ಟರಿಗೂ ಪಂಪಿಗೂ ನಡುವೆ ಒಂದು ಅಡಿ ಉದ್ದದ, ಡೀಸೆಲ್ ತಾಳಿಕೊಳ್ಳುವ ಪಾರದರ್ಶಕ ಹೋಸ್ ಪೈಪನ್ನು ತಾತ್ಕಾಲಿಕವಾಗಿ ಹಾಕಿಸಿ. ಸಂಜೆ ಎಂಜಿನ್ನು ನಿಲ್ಲಿಸುವಾಗ ಅದು ತುಂಬಿರುತ್ತದೆ. ಬೆಳಿಗ್ಗೆ ಖಾಲಿಯಾಗಿದ್ದರೆ ಅಥವಾ ಮೇಲ್ಭಾಗದಲ್ಲಿ ದೊಡ್ಡ ಗುಳ್ಳೆ ಕುಳಿತಿದ್ದರೆ ಕಣ್ಣಾರೆ ಕಂಡಂತಾಯಿತು. ಎಂಜಿನ್ನು ನಡೆಯುತ್ತಿರುವಾಗಲೂ ಸಣ್ಣ ಗುಳ್ಳೆಗಳ ಸಾಲು ಹರಿದುಹೋಗುತ್ತಿದ್ದರೆ ಕಿಂಡಿ ಇನ್ನೂ ದೊಡ್ಡದು. ಆಮೇಲೆ ಪಂಪಿನ ಹೀರುವ ಪೈಪು, ಹಿಂದಿರುಗುವ ಪೈಪು ಎರಡನ್ನೂ ಕಳಚಿ, ಪಂಪಿಗಿಂತ ಎತ್ತರದಲ್ಲಿ ಭದ್ರವಾಗಿ ಕಟ್ಟಿದ ಶುದ್ಧ ಡೀಸೆಲ್ ಕ್ಯಾನಿಗೆ ಜೋಡಿಸಿ ಒಂದು ರಾತ್ರಿ ಬಿಡುವುದು. ಮರುದಿನ ತಟ್ಟನೆ ಸ್ಟಾರ್ಟ್ ಆದರೆ ಪಂಪಿನಿಂದ ಮುಂದಿನದೆಲ್ಲ ಸರಿಯಿದೆ, ದೋಷ ಕಳಚಿಟ್ಟ ಭಾಗದಲ್ಲಿದೆ. ಇದಕ್ಕಿಂತ ಖಚಿತವಾದ ಪರೀಕ್ಷೆ ಈ ವಿಷಯದಲ್ಲಿ ಇಲ್ಲ. ನಾನು ಕೆಲಸ ಕಲಿಯುತ್ತಿದ್ದ ದಿನಗಳಲ್ಲಿ ಹಾಸನದ ಒಂದು ವರ್ಕ್‌ಶಾಪಿನಲ್ಲಿ ಒಂದೇ ವಾಹನದ ಪಂಪನ್ನು ಎರಡು ಸಲ ಕ್ಯಾಲಿಬ್ರೇಶನ್ನಿಗೆ ಕಳುಹಿಸಿ, ಮೂರನೆಯ ಸಲ ಹಿರಿಯರೊಬ್ಬರು ಬಂದು ಹೀಗೆ ಕ್ಯಾನು ಕಟ್ಟಿ ನೋಡಿದಾಗ, ಫಿಲ್ಟರಿನ ಒಂದು ತಾಮ್ರದ ವಾಷರ್ ಸೀಳಿದ್ದು ಗೊತ್ತಾಯಿತು. ಆ ಎರಡು ಕ್ಯಾಲಿಬ್ರೇಶನ್ನಿನ ಬಿಲ್ಲನ್ನು ವಾಹನದ ಯಜಮಾನರು ಕಟ್ಟಿಯಾಗಿತ್ತು.

ಕಿಂಡಿ ಬೀಳುವ ಜಾಗಗಳು ಲೆಕ್ಕದಲ್ಲಿವೆ. ಪೈಪುಗಳನ್ನು ಸೇರಿಸುವ ಟೊಳ್ಳು ಬೋಲ್ಟಿನ ಎರಡೂ ಬದಿಯ ತಾಮ್ರದ ವಾಷರುಗಳನ್ನು ಪ್ರತಿ ಸಲ ಫಿಲ್ಟರ್ ಬದಲಾಯಿಸುವಾಗ ಹೊಸದಾಗಿ ಹಾಕಬೇಕು, ಹಾಕುವವರು ಕಡಿಮೆ. ಫಿಲ್ಟರಿನ ರಬ್ಬರ್ ರಿಂಗು ತಿರುಚಿಕೊಂಡು ಕುಳಿತಿರಬಹುದು. ಇಪ್ಪತ್ತು ವರ್ಷದ ಜೀಪಿನ ರಬ್ಬರ್ ಪೈಪುಗಳು ಎಂಜಿನ್ನಿನ ಕಾವಿಗೆ ಒಣಗಿ, ಬಗ್ಗಿಸಿದರೆ ಬಿರುಕು ಬಿಡುತ್ತವೆ. ಅವುಗಳಿಗೆ ಕ್ಲಿಪ್ಪನ್ನು ಎಷ್ಟು ಬಿಗಿದರೂ ಹಿಡಿಯುವುದಿಲ್ಲ, ಬದಲಾಯಿಸಲೇಬೇಕು. ನಾಝಲ್ಲುಗಳ ತಲೆಯಿಂದ ತಲೆಗೆ ಹೋಗುವ, ನೂಲು ಹೆಣೆದ ಸಣ್ಣ ಪೈಪುಗಳು ಬೆವರಿನಂತೆ ಡೀಸೆಲ್ ಒಸರುತ್ತಿದ್ದರೆ ಅವೂ ರಾತ್ರಿ ಗಾಳಿ ಎಳೆಯುತ್ತವೆ. ಬೆಲೆ ಅತಿ ಕಡಿಮೆ, ಆದ್ದರಿಂದಲೇ ಯಾರ ಗಮನಕ್ಕೂ ಬರುವುದಿಲ್ಲ. ಫೀಡ್ ಪಂಪಿನೊಳಗಿನ ವಾಲ್ವುಗಳಿಗೆ ಕಸ ಸಿಕ್ಕಿ ಪೂರ್ತಿ ಮುಚ್ಚದೆ ಇರಬಹುದು. ಇನ್ನು ಮಲೆನಾಡಿಗೇ ವಿಶೇಷವಾದ ಒಂದು ಜಾಗವಿದೆ: ಚಾಸಿಯ ಉದ್ದಕ್ಕೂ ಕ್ಲಾಂಪು ಹಾಕಿ ಹಿಡಿಸಿರುವ ಕಬ್ಬಿಣದ ಪೈಪು. ಮಳೆಗಾಲದ ನಾಲ್ಕು ತಿಂಗಳು ತೋಟದ ಕೆಸರು ಆ ಕ್ಲಾಂಪುಗಳ ಸಂದಿಯಲ್ಲಿ ಒದ್ದೆಯಾಗಿಯೇ ಕುಳಿತು, ಅದರಡಿಯಲ್ಲಿ ಸೂಜಿಮೊನೆಯಷ್ಟು ತುಕ್ಕಿನ ತೂತು ಬೀಳುತ್ತದೆ. ಕ್ಲಾಂಪು ಕಳಚದೆ ನೋಡಿದರೆ ಅದು ಕಾಣಿಸುವುದಿಲ್ಲ.

ಪೈಪನ್ನು ಬಿಚ್ಚಿದ ದಿನವೇ ನೀರು ಬೇರ್ಪಡಿಸುವ ಬಟ್ಟಲಿನ ಕೆಳಗಿನ ತಿರುಪನ್ನು ಸಡಿಲಿಸಿ ನೀರನ್ನು ಇಳಿಸಿಬಿಡಿ. ತೋಟಗಳಲ್ಲಿ ಡೀಸೆಲ್ಲನ್ನು ಕ್ಯಾನಿನಲ್ಲಿ, ಬ್ಯಾರೆಲ್ಲಿನಲ್ಲಿ ತಂದಿಡುವ ರೂಢಿಯಿರುವುದರಿಂದ ನೀರು ಸೇರುವುದು ಸಾಮಾನ್ಯ.

ಈಗ ಬಿಸಿಯ ಕಡೆಗೆ ಬರೋಣ. ಗಾಳಿಯ ದೋಷ ಸಿಕ್ಕಿದರೂ ಇದನ್ನು ಬಿಡಬಾರದು, ಏಕೆಂದರೆ ಹತ್ತಿಕೊಂಡ ಮೇಲೆ ಒಂದು ನಿಮಿಷ ನಡುಗುತ್ತದೆ ಎಂದು ನೀವು ಬರೆದಿದ್ದೀರಿ. ನಾಲ್ಕರಲ್ಲಿ ಒಂದು ಸಿಲಿಂಡರ್ ಹಿಂದೆ ಬೀಳುತ್ತಿದೆ ಎಂಬುದರ ಗುರುತು ಅದು. ಪ್ಲಗ್ಗುಗಳಲ್ಲಿ ಎರಡನ್ನು ಮಾತ್ರ ಬದಲಾಯಿಸಿದ್ದೀರಿ. ಉಳಿದ ಎರಡರಲ್ಲಿ ಒಂದು ಸತ್ತಿರುವ ಸಾಧ್ಯತೆ ಹೆಚ್ಚು. ಪ್ಲಗ್ಗುಗಳ ತಲೆಗಳನ್ನು ಸೇರಿಸುವ ಲೋಹದ ಪಟ್ಟಿಯನ್ನು ಕಳಚಿ, ಬ್ಯಾಟರಿಯ ಪ್ಲಸ್ಸಿಗೆ ಒಂದು ತುದಿ ಸಿಕ್ಕಿಸಿದ ಟೆಸ್ಟ್ ಲ್ಯಾಂಪಿನ ಇನ್ನೊಂದು ತುದಿಯನ್ನು ಪ್ರತಿಯೊಂದು ಪ್ಲಗ್ಗಿನ ತಲೆಗೂ ಮುಟ್ಟಿಸಿ. ದೀಪ ಹತ್ತದ ಪ್ಲಗ್ಗು ಒಳಗೆ ಕಡಿದುಹೋಗಿದೆ. ಮೀಟರ್ ಇದ್ದರೆ ಒಳ್ಳೆಯ ಪ್ಲಗ್ಗು ಸುಮಾರು ಅರ್ಧದಿಂದ ಒಂದೂವರೆ ಓಮ್ ತೋರಿಸುತ್ತದೆ. ನಾಲ್ಕೂ ಸರಿಯಿದ್ದರೆ ಕೀಲಿ ತಿರುಗಿಸಿದಾಗ ಪಟ್ಟಿಗೆ ಬರುವ ವೋಲ್ಟೇಜ್ ನೋಡಿ. ಬ್ಯಾಟರಿಯಲ್ಲಿ ಇರುವುದಕ್ಕಿಂತ ಒಂದು ವೋಲ್ಟಿಗೂ ಮಿಕ್ಕಿ ಕಡಿಮೆ ಬಂದರೆ ಪ್ಲಗ್ಗುಗಳಿಗೆ ಕರೆಂಟು ಬಿಡುವ ರಿಲೇಯ ಒಳಗಿನ ಮುಖಗಳು ಸುಟ್ಟಿವೆ ಅಥವಾ ವೈರು ಸಡಿಲವಾಗಿದೆ. ಹೊಸದಾಗಿ ಹಾಕಿದ ಪ್ಲಗ್ಗು ಒಂದೇ ಸಿಲಿಂಡರಿನಲ್ಲಿ ಪದೇ ಪದೇ ಸುಡುತ್ತಿದ್ದರೆ ಆ ಸಿಲಿಂಡರಿನ ನಾಝಲ್ ತುಂತುರು ಹಾಕುವ ಬದಲು ಹನಿ ಬಿಡುತ್ತಿದೆ. ಪ್ಲಗ್ಗನ್ನು ದೂರಿ ಪ್ರಯೋಜನವಿಲ್ಲ.

ಬಳಸುವ ರೀತಿಯ ಬಗ್ಗೆಯೂ ಒಂದು ಮಾತು. ಹಳೆಯ ಬಗೆಯ ಪ್ಲಗ್ಗುಗಳಿಗೆ ಪೂರ್ತಿ ಕಾಯಲು 15ರಿಂದ 20 ಸೆಕೆಂಡು ಬೇಕು. ಒಂದು ಸೆಲ್ಫು ವಿಫಲವಾದ ಮೇಲೆ ಮತ್ತೆ ಕಾಯಿಸದೆ ಎರಡನೆಯದು, ಮೂರನೆಯದು ಹೊಡೆಯುತ್ತ ಹೋದರೆ ಪ್ಲಗ್ಗು ಆರಿದ ಎಂಜಿನ್ನಿಗೆ ಸೆಲ್ಫ್ ಹೊಡೆದಂತೆ. ಪ್ರತಿ ಸಲವೂ ಕಾಯಿಸಿ, ಹತ್ತು ಸೆಕೆಂಡಿಗಿಂತ ಹೆಚ್ಚು ತಿರುಗಿಸದೆ, ನಡುವೆ ಅರ್ಧ ನಿಮಿಷ ಸೆಲ್ಫಿಗೆ ಬಿಡುವು ಕೊಡಬೇಕು.

ಬ್ಯಾಟರಿ ಹೊಸದು ಎಂದಿದ್ದೀರಿ. ರಾತ್ರಿ ನಿಂತು ಬೆಳಿಗ್ಗೆ 12.6 ವೋಲ್ಟ್ ತೋರಿಸಿದರೆ ಪೂರ್ತಿ ತುಂಬಿದೆ, 12.2 ಎಂದರೆ ಅರ್ಧ. ಸೆಲ್ಫ್ ಹೊಡೆಯುವಾಗ 9.6 ವೋಲ್ಟಿಗಿಂತ ಕೆಳಗೆ ಇಳಿಯಬಾರದು. ಹೊಸ ಬ್ಯಾಟರಿ ಇದ್ದೂ ಎಂಜಿನ್ನು ಭಾರವಾಗಿ ತಿರುಗುತ್ತಿದ್ದರೆ ನಾನು ಮೊದಲು ಅನುಮಾನಿಸುವುದು ಎಂಜಿನ್ನಿನಿಂದ ಚಾಸಿಗೆ ಕಟ್ಟಿರುವ ಅರ್ತಿಂಗ್ ಪಟ್ಟಿಯನ್ನು; ಮಲೆನಾಡಿನ ಮಳೆಗೆ ಅದರ ಬೋಲ್ಟಿನಡಿ ತುಕ್ಕು ಹಿಡಿದು ಕರೆಂಟಿನ ದಾರಿ ಕಟ್ಟಿಹೋಗಿರುತ್ತದೆ. ಸೆಲ್ಫ್ ಹೊಡೆಯುತ್ತಿರುವಾಗಲೇ ಬ್ಯಾಟರಿಯ ಮೈನಸ್ ಕಂಬಕ್ಕೂ ಎಂಜಿನ್ನಿನ ಬರಿಯ ಲೋಹಕ್ಕೂ ನಡುವೆ ಮೀಟರ್ ಹಿಡಿದರೆ 0.3 ವೋಲ್ಟಿಗಿಂತ ಹೆಚ್ಚು ತೋರಿಸಬಾರದು. ತಿರುಗುವ ವೇಗ ಎಷ್ಟು ಮುಖ್ಯ ಎಂಬುದನ್ನು ಕಾಫಿ ಬೆಳೆಗಾರರಿಗೆ ನಾನು ವಿವರಿಸಬೇಕಾಗಿಲ್ಲ. ಪಲ್ಪರ್ ಮನೆಯ ಒಂಟಿ ಸಿಲಿಂಡರಿನ ಎಂಜಿನ್ನಿಗೆ ಹ್ಯಾಂಡಲ್ ಹಾಕಿ, ಒಳಗಿನ ಗಾಳಿಯ ಒತ್ತಡ ಬಿಡಿಸುವ ಲಿವರ್ ಎತ್ತಿ ಹಿಡಿದು, ಚಕ್ರ ಚೆನ್ನಾಗಿ ವೇಗ ಹಿಡಿದ ಮೇಲೆಯೇ ಲಿವರ್ ಬಿಡುವುದನ್ನು ನೀವು ನೋಡಿಯೇ ಇರುತ್ತೀರಿ. ನಿಧಾನವಾಗಿ ಒತ್ತಿದ ಗಾಳಿಯ ಬಿಸಿ ಸಿಲಿಂಡರಿನ ತಣ್ಣನೆಯ ಗೋಡೆಗೆ ಇಳಿದುಹೋಗುತ್ತದೆ, ರಿಂಗಿನ ಸಂದಿಯಲ್ಲಿ ಗಾಳಿಯೂ ಜಾರುತ್ತದೆ. ಬೀಸಿ ಒತ್ತಿದರೆ ಎರಡಕ್ಕೂ ಸಮಯ ಸಿಗುವುದಿಲ್ಲ.

ಎಂಜಿನ್ ಆಯಿಲ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ತಯಾರಕರು ಹೇಳಿರುವ ದರ್ಜೆಯ ಆಯಿಲ್ ಹಾಕಿದ್ದರೆ ನಮ್ಮ ಚಳಿಗೆ ಅದು ತಡೆಯಾಗದು.

ಇನ್ನು ಪಂಪಿನ ವಿಷಯ. ತಿರುಗುವ ಬಗೆಯ ಇಂಜೆಕ್ಷನ್ ಪಂಪಿನ ಒಳಭಾಗ ಸವೆದಾಗ ಅದರ ತೊಂದರೆ ಸಾಮಾನ್ಯವಾಗಿ ಕಾಣಿಸಿಕೊಳ್ಳುವುದು ಎಂಜಿನ್ನು ಬಿಸಿಯಾಗಿದ್ದಾಗ. ಬಿಸಿಯಾದ ಡೀಸೆಲ್ ತೆಳುವಾಗಿ, ಸವೆದ ಸಂದಿಗಳಲ್ಲಿ ನುಸುಳಿ, ನಾಝಲ್ ತೆರೆಯುವಷ್ಟು ಒತ್ತಡ ಸೆಲ್ಫಿನ ವೇಗದಲ್ಲಿ ಹುಟ್ಟುವುದಿಲ್ಲ. ಅಂಥ ವಾಹನ ಬೆಳಿಗ್ಗೆ ಚೆನ್ನಾಗಿ ಸ್ಟಾರ್ಟ್ ಆಗಿ, ಮಧ್ಯಾಹ್ನ ಸಂತೆಯಲ್ಲಿ ನಿಲ್ಲಿಸಿ ಬಂದಾಗ ಹಟ ಹಿಡಿಯುತ್ತದೆ. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿದರೆ ಹತ್ತಿಕೊಳ್ಳುತ್ತದೆ. ನಿಮ್ಮದು ಇದಕ್ಕೆ ಪೂರ್ತಿ ತಿರುಗುಮುರುಗು. ಪಂಪಿಗೆ ಸಂಬಂಧಿಸಿ ನೋಡಬೇಕಾದದ್ದು ಇದ್ದರೆ ಎರಡೇ. ಕೆಲವು ಪಂಪುಗಳಲ್ಲಿ ಎಂಜಿನ್ನು ತಣ್ಣಗಿರುವಾಗ ಡೀಸೆಲ್ ಬೀಳುವ ಕ್ಷಣವನ್ನು ಸ್ವಲ್ಪ ಮುಂಚಿತವಾಗಿಸುವ ಲಿವರ್ ಇರುತ್ತದೆ, ಅದರ ಕೇಬಲ್ ತುಕ್ಕು ಹಿಡಿದು ನಿಂತಿರಬಹುದು. ಕೀಲಿ ತೆಗೆದಾಗ ಡೀಸೆಲ್ ಕಡಿಯುವ ಸೊಲೆನಾಯ್ಡಿಗೆ (ಕರೆಂಟಿನಿಂದ ತೆರೆಯುವ ವಾಲ್ವಿಗೆ) ಸೆಲ್ಫ್ ಹೊಡೆಯುವಾಗಲೂ ಸಾಕಷ್ಟು ಕರೆಂಟು ಬರುತ್ತಿದೆಯೇ ಎಂಬುದನ್ನೂ ನೋಡಬೇಕು. ಇವೆರಡಕ್ಕೂ ಪಂಪು ಬಿಚ್ಚಬೇಕಾಗಿಲ್ಲ.

ಮೇಲಿನದೆಲ್ಲ ಸರಿಯಾದ ಮೇಲೂ ಬಿಳಿ ಹೊಗೆ ಮತ್ತು ನಡುಕ ಉಳಿದರೆ ಮಾತ್ರ ಕಂಪ್ರೆಶನ್, ಅಂದರೆ ಸಿಲಿಂಡರಿನೊಳಗೆ ಒತ್ತಿದ ಗಾಳಿಯ ಒತ್ತಡ, ಅಳೆಯಿಸಿ. ಅದಕ್ಕೂ ಮೊದಲು ವಾಲ್ವುಗಳ ಸಂದಿಯನ್ನು ಸರಿಮಾಡಿಸಿ. ಬಿಗಿಯಾದ ವಾಲ್ವು ಪೂರ್ತಿ ಮುಚ್ಚದೆ ಕಂಪ್ರೆಶನ್ ಕಡಿಮೆ ತೋರಿಸಿದರೆ ಅನ್ಯಾಯವಾಗಿ ರಿಂಗಿನ ಮೇಲೆ ತಪ್ಪು ಬೀಳುತ್ತದೆ. ಈ ಬಗೆಯ ಎಂಜಿನ್ನು ಹೊಸದರಲ್ಲಿ ಸುಮಾರು 30 ಬಾರ್ ತೋರಿಸುತ್ತದೆ. 20ಕ್ಕಿಂತ ಕೆಳಗಿಳಿದರೆ ಬೆಳಿಗ್ಗೆ ಸ್ಟಾರ್ಟ್ ಆಗುವುದು ಕಷ್ಟ. ಒಟ್ಟು ಅಂಕಿಗಿಂತಲೂ ಸಿಲಿಂಡರುಗಳ ನಡುವಿನ ವ್ಯತ್ಯಾಸ ಮುಖ್ಯ. ಮೂರು ಒಂದೇ ಸಮ ಇದ್ದು ನಾಲ್ಕನೆಯದು ಐದು ಬಾರ್ ಕಡಿಮೆ ಇದ್ದರೆ ನಡುಕದ ಕಾರಣ ಅಲ್ಲಿದೆ. ಕೈಪಿಡಿಯ ಅಂಕಿಯೊಂದಿಗೆ ಹೋಲಿಸುವಾಗ ನಮ್ಮ ಎತ್ತರವನ್ನು ಮರೆಯಬೇಡಿ. ಸಮುದ್ರಮಟ್ಟದಿಂದ ಸಾವಿರ ಮೀಟರ್ ಮೇಲೆ ಗಾಳಿಯ ಒತ್ತಡವೇ ಹತ್ತರಲ್ಲಿ ಒಂದು ಪಾಲು ಕಡಿಮೆ. ಮಂಗಳೂರಿನಲ್ಲಿ 28 ತೋರಿಸಿದ ಎಂಜಿನ್ನು ಚಿಕ್ಕಮಗಳೂರಿನಲ್ಲಿ 25 ತೋರಿಸಿದರೆ ಅದು ಕಾಯಿಲೆಯಲ್ಲ. ಈ ಅಂಕಿಗೆ ಹೆದರಿ ಎಂಜಿನ್ ಇಳಿಸಿದವರಿದ್ದಾರೆ.

ಈ ನಡುವೆ ಮಾಡಬಾರದ ಮೂರು ಕೆಲಸಗಳನ್ನು ಹೇಳದೆ ಮುಗಿಸಲಾರೆ. ಹೀಟರ್ ಪ್ಲಗ್ ಇರುವ ಎಂಜಿನ್ನಿಗೆ ಸ್ಟಾರ್ಟಿಂಗ್ ಸ್ಪ್ರೇ ಹೊಡೆಯಬೇಡಿ. ಅದರಲ್ಲಿರುವ ಈಥರ್ ಕೆಂಪಗೆ ಕಾದ ಪ್ಲಗ್ಗಿಗೆ ತಾಗಿ ಹೊತ್ತಲ್ಲದ ಹೊತ್ತಿನಲ್ಲಿ ಸಿಡಿದು ರಿಂಗು, ಪಿಸ್ಟನ್ನುಗಳನ್ನೇ ಮುರಿಯುತ್ತದೆ. ಕಾಫಿ ಹೊಟ್ಟಿನ ಬೆಂಕಿ ಮಾಡಿ ಎಂಜಿನ್ನಿನ ಕೆಳಗೆ ಇಡುವ ಸಾಹಸ ಬೇಡ, ಒಸರುವ ಪೈಪಿನ ಜೀಪಿಗಂತೂ ಬೇಡವೇ ಬೇಡ. ಇಳಿಜಾರಿನಲ್ಲಿ ಬಿಟ್ಟು ಗೇರಿಗೆ ಹಾಕಿ ಸ್ಟಾರ್ಟ್ ಮಾಡುವುದು ತೋಟದಲ್ಲಿ ಎಲ್ಲರಿಗೂ ರೂಢಿ. ಆದರೆ ಡೀಸೆಲ್ ಎಂಜಿನ್ನು ನಡೆಯದೆ ವ್ಯಾಕ್ಯೂಮ್ ಪಂಪು ತಿರುಗುವುದಿಲ್ಲ, ವ್ಯಾಕ್ಯೂಮ್ ಇಲ್ಲದೆ ಬ್ರೇಕು ಕಲ್ಲಿನಂತೆ ಗಟ್ಟಿಯಾಗಿರುತ್ತದೆ. ಕೆರೆ ಏರಿಯ ತಿರುವಿನಲ್ಲಿ ಅದು ನೆನಪಾದರೆ ತಡವಾಗಿರುತ್ತದೆ.

ನಿಮ್ಮ ಮನೆಯಲ್ಲಿ ಅಥವಾ ನೆರೆಯಲ್ಲಿ ಹೊಸ ಕಾಮನ್ ರೈಲ್ ಡೀಸೆಲ್ ವಾಹನವಿದ್ದರೆ ಈ ಉತ್ತರವನ್ನು ಅದಕ್ಕೆ ನೇರವಾಗಿ ಅನ್ವಯಿಸಬೇಡಿ. ಅದರ ರೈಲಿನಲ್ಲಿ, ಅಂದರೆ ಎಲ್ಲ ನಾಝಲ್ಲುಗಳಿಗೂ ಡೀಸೆಲ್ ಹಂಚುವ ಕೊಳವೆಯಲ್ಲಿ, ಒತ್ತಡ ಸುಮಾರು 200 ಬಾರ್ ಮುಟ್ಟುವವರೆಗೆ ಕಂಪ್ಯೂಟರ್ ನಾಝಲ್ಲುಗಳನ್ನೇ ತೆರೆಯುವುದಿಲ್ಲ, ನಡೆಯುವಾಗ ಅದು 1,000 ಬಾರ್ ದಾಟುತ್ತದೆ. ಅಲ್ಲಿ ನಾಝಲ್ ಪೈಪಿನ ನಟ್ಟು ಸಡಿಲಿಸಿ ನೋಡಲು ಹೋದರೆ ಡೀಸೆಲ್ ಧಾರೆ ಚರ್ಮವನ್ನು ಸೀಳಿ ಒಳಹೊಕ್ಕೀತು. ಅದನ್ನು ಸ್ಕ್ಯಾನರ್ ಇರುವವರಿಗೇ ಬಿಡಬೇಕು.

ನೀವು ಮೊದಲು ಜೀಪಿನ ಮೂತಿಯನ್ನು ಕೆಳಗೆ ಮಾಡಿ ಒಂದು ರಾತ್ರಿ ನಿಲ್ಲಿಸಿ, ಮರುದಿನ ಬೆಳಿಗ್ಗೆ ಪ್ರೈಮರ್ ಎಷ್ಟು ಒತ್ತಿಗೆ ಬಿಗಿಯಾಯಿತು, ಎಷ್ಟನೆಯ ಸೆಲ್ಫಿಗೆ ಹೊಗೆ ಕಂಡಿತು, ಎಷ್ಟನೆಯದಕ್ಕೆ ಹತ್ತಿಕೊಂಡಿತು ಎಂಬುದನ್ನು ಒಂದು ಚೀಟಿಯಲ್ಲಿ ಬರೆದಿಡಿ. ಮೂತಿ ಮೇಲಾಗಿ ನಿಂತ ಬೆಳಗಿನದನ್ನೂ ಅದರ ಪಕ್ಕದಲ್ಲಿ ಬರೆಯಿರಿ. ಆ ಚೀಟಿಯನ್ನು ನಿಮ್ಮ ಮೆಕ್ಯಾನಿಕ್ಕಿನ ಕೈಗೆ ಕೊಟ್ಟು, ತಾಮ್ರದ ವಾಷರುಗಳು, ನಾಝಲ್ಲಿನ ಮೇಲಿನ ಸಣ್ಣ ಪೈಪುಗಳು, ಉಳಿದ ಎರಡು ಹೀಟರ್ ಪ್ಲಗ್ಗುಗಳು, ಇಷ್ಟನ್ನು ಮೊದಲು ಬದಲಾಯಿಸಲು ಹೇಳಿ. ಅದಾದ ಮೇಲೂ ಕ್ಯಾನು ಕಟ್ಟಿ ನೋಡಿದ ಬೆಳಿಗ್ಗೆ ಹೊಗೆಯೇ ಕಾಣದೆ ಎಂಜಿನ್ನು ತಿರುಗುತ್ತಲೇ ಇದ್ದರೆ, ಪಂಪು ಬಿಚ್ಚುವ ಮಾತನ್ನು ಆಗ ನಾನೇ ಹೇಳುತ್ತೇನೆ.